ಅತ್ತೆಯ ಕಂಪ್ಯೂಟರ್ ಬಾಯಿ ಮುಚ್ಚಿದಾಗ

“ಸಾಕು ಅತ್ತೆ, ಕಡಲೆಕಾಳಿನಷ್ಟು ಹಾಕಿದ್ರೆ ಆಯ್ತು. ಅದೇನು ಮುಖಕ್ಕೆ ಹಚ್ಚೋ ಕ್ರೀಮಲ್ಲ,” ಎಂದಳು ಪುಟ್ಟಿ.

“ಸಾಲದೇ ಹೋದ್ರೆ?” ಎಂದರು ಅತ್ತೆ, ಪ್ರೊಸೆಸರಿನ ಬಿಸಿ ಎಳೆದುಕೊಳ್ಳುವ ಪೇಸ್ಟಿನ ಟ್ಯೂಬು ಕೈಬಿಡದೆ.

ಊಟದ ಮೇಜಿನ ಮೇಲೆ ಕಂಪ್ಯೂಟರ್ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ತಮ್ಮನ ಮಗಳು ಪುಟ್ಟಿಯನ್ನು ಕಟ್ಟಿಕೊಂಡು ಅಂಗಡಿ ಅಂಗಡಿ ಅಲೆದು, ಭಾಗಗಳನ್ನು ತಂದು ಅತ್ತೆಯೇ ಜೋಡಿಸಿದ್ದು. ಎಲ್ಲ ಸರಿಯಿತ್ತು, ಪ್ರೊಸೆಸರ್ ಜೊತೆ ಪುಕ್ಕಟೆ ಬಂದಿದ್ದ ಪುಟಾಣಿ ಫ್ಯಾನ್ ಒಂದನ್ನು ಬಿಟ್ಟು. ಅದು ಶುರುವಾಯಿತೆಂದರೆ ಹಿಟ್ಟಿನ ಗಿರಣಿಯೇ ಮನೆಯೊಳಗೆ ಬಂದಂತೆ.

ಅತ್ತೆ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳನ್ನು ಕೂಗುತ್ತಿದ್ದವರು. ನಿವೃತ್ತಿಯಾದ ಮೇಲೆ ಕಣ್ಣು ಕಾಣದವರಿಗಾಗಿ ಕಥೆಗಳನ್ನು ಓದಿ, ರೆಕಾರ್ಡ್ ಮಾಡಿ ಗ್ರಂಥಾಲಯಕ್ಕೆ ಕಳಿಸುತ್ತಿದ್ದರು. ಜೀವಮಾನವಿಡೀ ಹೊರಡುವ ಸುದ್ದಿಯನ್ನಷ್ಟೇ ಹೇಳಿದ ನಾಲಿಗೆಗೆ ಈಗ ಕಥೆ ಕೊನೆ ತಲುಪಿದ ಸುದ್ದಿಯನ್ನೂ ಹೇಳುವ ಭಾಗ್ಯ! ಆದರೆ ಗ್ರಂಥಾಲಯದವರು ರೆಕಾರ್ಡಿಂಗನ್ನು ವಾಪಸ್ ಕಳಿಸಿದ್ದರು. ರಾಜಕುಮಾರಿ ಅಳುವಾಗ ಹಿಂದೆ ಏನೋ ಮೊರೆಯುತ್ತಿದೆಯಂತೆ. ಇವತ್ತು ಸಂಜೆಯೊಳಗೆ ಸದ್ದಿಲ್ಲದ್ದು ಕಳಿಸದಿದ್ದರೆ ಪುಸ್ತಕ ಬೇರೆಯವರ ಪಾಲು.

ಅದಕ್ಕೇ ಆ ಫ್ಯಾನಿನ ಬದಲಿಗೆ ಸದ್ದು ಮಾಡದ ಈ ಹೊಸ ಕೂಲರ್. ಪೇಸ್ಟಿನ ಮೇಲೆ ಅದನ್ನು ಕೂರಿಸಿದ್ದೇ ತಡ, ಅತ್ತೆ ಒಂದೇ ಸ್ಕ್ರೂವನ್ನು ಪೂರ್ತಿ ಬಿಗಿಯಲು ಹೊರಟರು. ಪುಟ್ಟಿ ಕೈ ಹಿಡಿದು, ಮೂಲೆಯಿಂದ ಎದುರು ಮೂಲೆಗೆ ಚೂರುಚೂರೇ ತಿರುಗಿಸುವಂತೆ ಮಾಡಿದಳು. ಕೊನೆಗೆ ಕಂಪ್ಯೂಟರ್ ಪೆಟ್ಟಿಗೆಯ ಬಾಗಿಲು ಹಾಕಲು ಹೋದರೆ ಕೂಲರಿನ ತಲೆ ಅಡ್ಡ. ಮಾವ ಬಂದು ನೋಡಿ, ದೇಹಕ್ಕಿಂತ ತಲೆಯೇ ದೊಡ್ಡದಾಯಿತಲ್ಲ ಎಂದು ನಕ್ಕು, ಪಕ್ಕದ ಕೋಣೆಗೆ ಮಲಗಲು ಹೋದರು. ಪೆಟ್ಟಿಗೆಯ ಬಾಗಿಲು ತೆರೆದೇ ಇರಲಿ ಎಂದಾಯಿತು.

ಸ್ವಿಚ್ ಹಾಕಿದರು. ಸದ್ದೇ ಇಲ್ಲ.

“ಸತ್ತೇ ಹೋಯ್ತೇನೇ?” ಎಂದರು ಅತ್ತೆ.

ಪರದೆ ಬೆಳಗಿತು. ಅತ್ತೆ ಹೆಡ್‌ಫೋನ್ ಏರಿಸಿಕೊಂಡು ಕಥೆಯಲ್ಲಿ ಮುಳುಗಿಯೇಬಿಟ್ಟರು. ಓದಿ ಮುಗಿಸಿ ಹಾಕಿ ಕೇಳಿದರೆ, ರಾಜಕುಮಾರಿ ಬಿಕ್ಕುತ್ತಿದ್ದಾಳೆ, ಹಿಂದಿನಿಂದ ಗುರ್ರ್... ಗುರ್ರ್...

ಪುಟ್ಟಿ ಕೂಲರಿಗೆ ಕಿವಿಯಿಟ್ಟಳು. ಅದರದ್ದಲ್ಲ. ಅತ್ತೆ ಪಕ್ಕದ ಕೋಣೆಯ ಗೋಡೆಯನ್ನೇ ನೋಡಿದರು.

ತಾನು ಗೊರಕೆ ಹೊಡೆಯುವುದೇ ಇಲ್ಲವೆಂದು ಮದುವೆಯಾದಾಗಿನಿಂದ ಮಾವ ಸಾಧಿಸುತ್ತ ಬಂದಿದ್ದರು. ಹಳೇ ಫ್ಯಾನು ಪಾಪ, ಇಷ್ಟು ದಿನ ಅವರ ಮಾನ ಕಾಪಾಡಿತ್ತು. ಎಬ್ಬಿಸಿ ಕೇಳಿಸಿದರೆ ಕಣ್ಣುಜ್ಜಿಕೊಂಡು ಗಂಭೀರವಾಗಿ ಆಲಿಸಿದರು.

“ಈ ಕೂಲರ್ ಸರಿಯಿಲ್ಲ. ವಾಪಸ್ ಕೊಟ್ಬಿಡಿ.”

ಅತ್ತೆ ತಮ್ಮ ಹಳೆಯ ಮೈಕಿನ ದನಿ ತೆಗೆದರು. “ಪಕ್ಕದ ಕೋಣೆಯಲ್ಲಿ ನಿಂತಿರುವ ಗಾಡಿ ಈಗಲೇ ಗೇಟಿನ ಕಡೆಗೆ ಹೊರಡಲಿದೆ.”

ಗಾಡಿ ಕುರ್ಚಿ, ಪೇಪರು ಎತ್ತಿಕೊಂಡು ಗೊಣಗುತ್ತ ಹೊರಟಿತು. ಅತ್ತೆ ಮತ್ತೆ ಮೊದಲಿನಿಂದ ಓದಿ ಕಳಿಸಿದರು. ದೀಪ ಹಚ್ಚುವ ಹೊತ್ತಿಗೆ ಗ್ರಂಥಾಲಯದಿಂದ ಉತ್ತರ ಬಂತು: ಬಹಳ ಚೆನ್ನಾಗಿದೆ, ಎರಡನೇ ಭಾಗವೂ ನಿಮ್ಮದೇ.

“ಮುಂದಿನ ವಾರವೂ ಬಾರೇ ಪುಟ್ಟಿ,” ಎಂದರು ಅತ್ತೆ, ಸ್ಕ್ರೂಡ್ರೈವರ್ ಎತ್ತಿಡುತ್ತ.

“ಕಂಪ್ಯೂಟರ್‌ಗೆ ಇನ್ನೇನು ಹಾಕ್ಬೇಕು?”

“ಅದು ತಣ್ಣಗಿದೆ ಬಿಡು. ನೀನು ಗೇಟಿನ ಹತ್ರ ಮಾವನ ಪಕ್ಕ ಕೂತ್ಕೊಂಡು ಏನಾದ್ರೂ ಮಾತಾಡ್ತಾ ಇರು. ಕಣ್ಣು ಮುಚ್ಚೋಕೆ ಮಾತ್ರ ಬಿಡ್ಬೇಡ.”