ಡಾಂಬರಕ್ಕನ ಅನುಮಾನ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾರು ತೊಳೆಯುವ ಅಂಗಳದ ತಗಡಿನ ಸೂರಿನಡಿ ಬೂದು ಬಣ್ಣದ ಕಾರೊಂದು ನಿಂತಿದೆ. ಅದರ ಹಿಂದಿನ ಚಕ್ರದ ಪಕ್ಕ ಗೋಣಿಚೀಲ ಹಾಸಿಕೊಂಡು ಹೆಂಗಸೊಬ್ಬರು ಕೂತಿದ್ದಾರೆ. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕಾರಿನ ಮೈಗೆ ತಾಗುವಷ್ಟು ಹತ್ತಿರ ತಂದು, ಒಣಗಿ ಕಲ್ಲಾದ ಡಾಂಬರಿನ ಚುಕ್ಕಿಗಳನ್ನು ನೋಡುತ್ತಿದ್ದಾರೆ. ಹೇಳದೆ ಕೇಳದೆ ಬಂದು ಬಿಡಾರ ಹೂಡಿದ ನೆಂಟನನ್ನು ನೋಡುವ ನೋಟ ಅದು.

"ನಿನ್ನೆ ಹತ್ತಿದ್ದು ಅಂದ್ರು. ನಿನ್ನೆಯದಾದ್ರೆ ಉಗುರು ಒತ್ತಿದ ಕಡೆ ತಗ್ಗಬೇಕಿತ್ತು. ಇದು ತಗ್ಗಲ್ಲ. ಯಾಕೆ ಸುಳ್ಳು ಹೇಳಿದ್ರೋ!" ಎಂದು ತಮಗಷ್ಟೇ ಕೇಳುವಂತೆ ಗೊಣಗುತ್ತಾರೆ.

ಅವರ ಬೆನ್ನ ಹಿಂದೆ ಕಾರಿನವರು ಕೈಕಟ್ಟಿ ನಿಂತಿದ್ದಾರೆ. ಕಾರಿನವರ ಕಣ್ಣು ಇವರ ಕೈ ಮೇಲೆ, ಇವರ ಕಣ್ಣು ಡಾಂಬರಿನ ಮೇಲೆ. ಸ್ವಲ್ಪ ದೂರದಲ್ಲಿ ಕುರ್ಚಿ ಹಾಕಿಕೊಂಡ ಅಂಗಳದ ಯಜಮಾನರಿಗೆ ಇಬ್ಬರ ಮೇಲೂ ಒಂದೊಂದು ಕಣ್ಣು. ಈ ಅಂಗಳದಲ್ಲಿ ದಿನ ಶುರುವಾಗುವುದೇ ಹೀಗೆ.

ಇಲ್ಲಿ ಎಲ್ಲರೂ ಅವರನ್ನು ಡಾಂಬರಕ್ಕ ಎನ್ನುತ್ತಾರೆ. ಐವತ್ತು ದಾಟಿದ ವಯಸ್ಸು, ಗಟ್ಟಿ ಭುಜ, ಎಣ್ಣೆ ಕುಡಿದು ಮೆತ್ತಗಾದ ಬೆರಳು. ನೀರು ಹೊಡೆಯುವುದು, ಸೋಪು ಹಚ್ಚುವುದು, ಒಳಗಿನ ಧೂಳು ತೆಗೆಯುವುದು ಬೇರೆಯವರ ಪಾಲು. ಹೊಸ ರಸ್ತೆಯ ಮೇಲೆ ಓಡಿ ಮೈಗೆಲ್ಲ ಡಾಂಬರು ಸಿಡಿಸಿಕೊಂಡು ಬಂದ ಕಾರು ಮಾತ್ರ ಇವರ ಪಾಲು. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕೈದು, ಮಳೆಗಾಲದಲ್ಲಿ ಒಂದೋ ಎರಡೋ. ಬಿಸಿಲೇರಿ ಕಾರಿನ ಮೈ ಕಾದರೆ ಡಾಂಬರು ಕರಗಿಸಲು ಹಚ್ಚಿದ ದ್ರವ ಕೆಲಸ ಮಾಡುವ ಮೊದಲೇ ಆರಿಹೋಗುತ್ತದೆ. ಅದಕ್ಕೇ ಇವರ ಕೆಲಸವೆಲ್ಲ ತಂಪು ಹೊತ್ತಿನಲ್ಲಿ.

ಕೆಲಸ ನೋಡಲು ಏನೂ ಇಲ್ಲ. ಮೊದಲು ಧೂಳೆಲ್ಲ ಹೋಗುವಂತೆ ತೊಳೆಸುತ್ತಾರೆ. ಬಾಗಿಲಿನ ಒಳ ಅಂಚಿನಲ್ಲಿ, ಯಾರಿಗೂ ಕಾಣದ ಕಡೆ, ಒಂದು ಹನಿ ಹಚ್ಚಿ ಬಣ್ಣ ಬಿಡುತ್ತದೆಯೇ ಎಂದು ನೋಡುತ್ತಾರೆ. ಆಮೇಲೆ ಅದೇ ದ್ರವದಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯನ್ನು ಚುಕ್ಕಿಯ ಮೇಲೆ ಹೊದಿಸಿ ಸುಮ್ಮನೆ ಕೂರುತ್ತಾರೆ. ಗಿರಾಕಿಗಳ ತಾಳ್ಮೆ ಕೆಡುವುದು ಈ ಸುಮ್ಮನೆ ಕೂರುವ ಹೊತ್ತಿನಲ್ಲೇ.

"ಕೆರೆದು ಬಿಸಾಕೋದು ಬಿಟ್ಟು ಇದೇನಮ್ಮಾ ತಪಸ್ಸು ಅಂತಾರೆ. ಕೆರೆದ್ರೆ ಡಾಂಬರು ಹೋಗುತ್ತೆ, ಜೊತೆಗೆ ಬಣ್ಣಾನೂ ಹೋಗುತ್ತೆ. ಹಾವೂ ಸಾಯಬೇಕು, ಕೋಲೂ ಮುರೀಬಾರದು. ಅದು ನೆನೀಲಿ. ನೆಂದ ಮೇಲೆ ತಾನೇ ಕೈ ಬಿಡುತ್ತೆ" ಎನ್ನುತ್ತಾರೆ ಡಾಂಬರಕ್ಕ.

ಈ ವಿದ್ಯೆ ಅವರು ಕಲಿತದ್ದು ಕಾರಿನ ಮೇಲಲ್ಲ, ಗಂಡನ ಪಾದದ ಮೇಲೆ. ಗಂಡ ರಸ್ತೆ ಹಾಕುವ ಗುಂಪಿನಲ್ಲಿ ಕೂಲಿ. ಮದುವೆಯಾದ ಹೊಸತರಲ್ಲಿ ಅವರು ಸಂಜೆ ಮನೆಗೆ ಬಂದರೆ ಕಾಲು, ಕೈ, ಮೊಣಕೈ ಎಲ್ಲ ಕರಿ. ಕಲ್ಲಿನಲ್ಲಿ ಉಜ್ಜಿಕೊಂಡು ಚರ್ಮ ಕಿತ್ತುಕೊಳ್ಳುತ್ತಿದ್ದರು. ಹೆಂಡತಿ ಅಡುಗೆ ಎಣ್ಣೆ ಹಚ್ಚಿ, ಹಳೆಯ ಬಟ್ಟೆ ಸುತ್ತಿ, ಅನ್ನ ಬೇಯುವವರೆಗೂ ಅಲ್ಲಾಡದೆ ಕೂರಿಸುತ್ತಿದ್ದರು. ಅನ್ನ ಇಳಿಸುವ ಹೊತ್ತಿಗೆ ಡಾಂಬರೂ ಇಳಿಯುತ್ತಿತ್ತು. ಮಗಳು ಶಾಲೆಗೆ ಸೇರಿದ ವರ್ಷ ಡಾಂಬರಕ್ಕ ಈ ಅಂಗಳದಲ್ಲಿ ನೆಲ ಗುಡಿಸುವ ಕೆಲಸ ಹಿಡಿದರು. ಕೆಲಸಗಾರನೊಬ್ಬ ಕಾರಿನ ಡಾಂಬರನ್ನು ಚಾಕುವಿನಿಂದ ಎಬ್ಬಿಸುವುದನ್ನು ನೋಡಲಾರದೆ, "ತಡಿಯಪ್ಪಾ, ಅದಕ್ಕೂ ನೋವಾಗುತ್ತೆ" ಎಂದು ಪೊರಕೆ ಕೆಳಗಿಟ್ಟರು. ಮತ್ತೆ ಎತ್ತಲಿಲ್ಲ.

"ಅವರು ಹಾಕ್ತಾರೆ, ನಾನು ತೆಗೀತೀನಿ. ನಮ್ಮ ಸಂಸಾರ ನಡೆದಿರೋದೇ ಹೀಗೆ" ಎಂದು ನಗುತ್ತಾರೆ. ಆ ನಗುವಿಗೂ ಒಮ್ಮೆ ಕುತ್ತು ಬಂದಿತ್ತು. ಗಂಡನ ಕೆಲಸ ಗೊತ್ತಾದ ಗಿರಾಕಿಯೊಬ್ಬರು, "ಓಹೋ, ಗಂಡ ಹೆಂಡತಿ ಮಾತಾಡಿಕೊಂಡು ದಾರಿಗೆ ಚೆಲ್ಲಿಸ್ತೀರಾ?" ಎಂದು ಕೇಳಿಯೇಬಿಟ್ಟರಂತೆ. ಅಂದಿನಿಂದ ಆ ಮಾತನ್ನು ಗಿರಾಕಿಗಳ ಮುಂದೆ ಆಡುವುದಿಲ್ಲ.

ಅನುಮಾನ ಈ ಕಸುಬಿನ ನೆರಳಿದ್ದಂತೆ. ಡಾಂಬರಿನ ಕೆಳಗೆ ಏನಿದೆ ಎಂದು ತೆಗೆಯುವವರೆಗೆ ಯಾರಿಗೂ ತಿಳಿಯದು. ತೆಗೆದ ಮೇಲೆ ಕಂಡ ಪ್ರತಿ ಕಲೆಯೂ ತೆಗೆದವರ ತಲೆಗೆ. ಅದಕ್ಕೇ ಡಾಂಬರಕ್ಕನೂ ಯಾರನ್ನೂ ನಂಬುವುದಿಲ್ಲ. ಹೊಸ ದ್ರವದ ಡಬ್ಬಿಯ ಮೇಲಿನ ಬರಹವನ್ನು ನಂಬುವುದಿಲ್ಲ. "ಒಂದು ಗೀರೂ ಇಲ್ಲ" ಎನ್ನುವ ಕಾರಿನವರನ್ನಂತೂ ಮೊದಲೇ ಇಲ್ಲ.

ಈ ಬೇಸಿಗೆಯಲ್ಲಿ ನಡೆದ ಬಿಳಿ ಕಾರಿನ ಪ್ರಸಂಗವನ್ನು ಅಂಗಳದಲ್ಲಿ ಈಗಲೂ ಹೇಳಿಕೊಳ್ಳುತ್ತಾರೆ. ಅದಕ್ಕೆ ಸ್ವಲ್ಪ ಮುಂಚೆ ಯಾವುದೋ ಕಾರಿನ ಮುಂಭಾಗ ಮಂಕಾಯಿತೆಂದು ದೂರು ಬಂದಿತ್ತು. "ಇನ್ನೊಂದು ದೂರು ಬಂದ್ರೆ ನಿಮ್ಮ ದಾರಿ ನಿಮಗೆ ಅಕ್ಕಾ" ಎಂದು ಯಜಮಾನರು ಹೇಳಿಬಿಟ್ಟಿದ್ದರು.

ಬಿಳಿ ಕಾರಿನಲ್ಲಿ ಬಂದವರು ನಡುವಯಸ್ಸಿನ ಗಂಡಸು. ಹಿಂದಿನ ಸೀಟಿನಲ್ಲಿ ಅವರ ತಾಯಿ. ಹಿಂದಿನ ಎಡಬಾಗಿಲಿನ ಮೇಲೆ ಅಂಗೈಯಗಲ ಡಾಂಬರು. ನೋಡಿದ ಕೂಡಲೇ ಡಾಂಬರಕ್ಕನ ಹುಬ್ಬು ಗಂಟಿಕ್ಕಿತು. ಚಕ್ರ ಸಿಡಿಸುವ ಡಾಂಬರು ಕೆಳಗೆ, ಚುಕ್ಕಿಚುಕ್ಕಿಯಾಗಿ ಹತ್ತುತ್ತದೆ. ಇದು ಬಾಗಿಲ ಹಿಡಿಯ ಎತ್ತರದಲ್ಲಿ, ಬೆಣ್ಣೆ ಸವರಿದ ಹಾಗೆ ಕೂತಿತ್ತು.

"ಸಾರ್, ಇದು ಹೇಗೆ ಹತ್ತಿತು?"

"ರಸ್ತೆಯಲ್ಲಿ. ಇನ್ನೆಲ್ಲಿ ಹತ್ತುತ್ತೆ? ಬೇಗ ತೆಗೀರಿ."

ಡಾಂಬರಕ್ಕ ಬಟ್ಟೆ ಹೊದಿಸಿ ಕೂತರು. ಅಂಚಿನಿಂದ ಸ್ವಲ್ಪ ಒರೆಸಿದ್ದೇ ತಡ, ಕೆಳಗಿನಿಂದ ಉದ್ದನೆಯ ಗೀರು ತಲೆ ಹಾಕಿತು. ಕಾರಿನವರು ಕೂಗಿಕೊಂಡರು. "ಏನ್ರೀ ಇದು! ಗೀರಿಬಿಟ್ರಲ್ಲ!" ಯಜಮಾನರು ಕುರ್ಚಿ ಬಿಟ್ಟು ಓಡಿ ಬಂದರು.

"ಗೀರಿನ ಒಳಗೂ ಡಾಂಬರು ಕೂತಿದೆ ನೋಡಿ ಸಾರ್. ಮೊದಲು ಗೀರು ಬಿದ್ದು, ಆಮೇಲೆ ಇದು ಮೆತ್ತಿರೋದು."

"ಅಂದ್ರೆ? ನಾನೇ ಗೀರಿಕೊಂಡು, ನಾನೇ ಬಳ್ಕೊಂಡು, ನಿಮ್ಮ ಮೇಲೆ ಹಾಕೋಕೆ ತಂದಿದ್ದೀನಾ?"

ಡಾಂಬರಕ್ಕ ಗೀರಿನಿಂದ ಕಣ್ಣೆತ್ತಿ ಅವರ ಮುಖವನ್ನೇ ನೋಡಿದರು. ಅವರಿಗೆ ಇದ್ದದ್ದು ಅದೇ ಅನುಮಾನ. ಆ ನೋಟ ಅದನ್ನು ಮಾತಿಗಿಂತ ಚೆನ್ನಾಗಿ ಹೇಳಿತು. ಕಾರಿನವರ ಮುಖ ಕೆಂಪಾಯಿತು. ಯಜಮಾನರು ಗೀರಿನ ಕಡೆ ನೋಡಲೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವಂತೆ, "ಅಕ್ಕಾ, ಇವತ್ತು ಲೆಕ್ಕ ಮುಗಿಸೋಣ" ಎಂದರು.

ಡಾಂಬರಕ್ಕ ಎದ್ದು ಹೋಗಲಿಲ್ಲ. ಗೀರು ಬಾಗಿಲಿನ ಒಳ ಅಂಚಿಗೂ ಹಬ್ಬಿದೆಯೇ ಎಂದು ನೋಡಲು ಹಿಂದಿನ ಸೀಟಿನ ತಾಯಿಯನ್ನು ಇಳಿಯಲು ಕೇಳಿದರು. ಇಷ್ಟು ಗಲಾಟೆಯಾದರೂ ಆಕೆ ಕೂತಲ್ಲೇ ಇದ್ದರು. ಎರಡೂ ಕೈ ಕೈಚೀಲದೊಳಗೆ. ಇಳಿಯಲು ಬಾಗಿಲು ಹಿಡಿಯಲೇಬೇಕಾಯಿತು. ಹಿಡಿದರು. ಉಗುರಿನ ಸಂದಿಯೆಲ್ಲ ಕರಿ. ಡಾಂಬರಕ್ಕನ ದೃಷ್ಟಿ ಬಿದ್ದದ್ದೇ ಆಕೆ ಕೈ ಹಿಂದಕ್ಕೆಳೆದುಕೊಂಡರು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಗಂಡಸರಿಬ್ಬರೂ ಅತ್ತ ವಾದಕ್ಕಿಳಿದಿದ್ದರು. ಡಾಂಬರಕ್ಕ ದನಿ ತಗ್ಗಿಸಿದರು. "ಅಮ್ಮಾ, ಅದು ಸೋಪಿಗೆ ಹೋಗಲ್ಲ. ಎಣ್ಣೆ ಬೇಕು."

ತಾಯಿ ಮಗನ ಬೆನ್ನನ್ನೊಮ್ಮೆ ನೋಡಿ ಪಿಸುಗುಟ್ಟಿದರು. "ಮದುವೆಗೆ ಮುಂಚೆ ನಾನು ಓಡಿಸ್ತಿದ್ದೆ ಕಣಮ್ಮಾ. ಆಮೇಲೆ ಮೊದಲು ಅವರಪ್ಪ, ಈಗ ಇವನು, ಯಾರೂ ಸ್ಟೇರಿಂಗ್ ಮುಟ್ಟೋಕೆ ಬಿಡಲಿಲ್ಲ. ಲೈಸೆನ್ಸು ಮಾತ್ರ ಬಿಡದೆ ಮಾಡಿಸ್ಕೊಂಡೇ ಬಂದಿದ್ದೀನಿ. ಇವನು ಊರಲ್ಲಿಲ್ಲದಾಗ ತೆಗೆದೆ. ಗೇಟಿನ ಕಂಬಕ್ಕೆ ಉಜ್ಜಿತು. ಮೂಲೆಯಲ್ಲಿ ರಸ್ತೆ ಹಾಕ್ತಿದ್ರು, ಕಡ್ಡಿಯಲ್ಲಿ ಒಂದಿಷ್ಟು ತಂದು ಮೆತ್ತಿದೆ. ಇವನಿಗೆ ಗೊತ್ತಾದ್ರೆ ಕೀ ಬೀರು ಸೇರುತ್ತೆ."

ಮಗನ ಮೇಲಿನ ತಮ್ಮ ಅನುಮಾನ ತಪ್ಪೆಂದು ಡಾಂಬರಕ್ಕನಿಗೆ ಆಗ ತಿಳಿಯಿತು. ಬಾಯಿ ಬಿಟ್ಟರೆ ಈ ಹೆಂಗಸಿನ ಕೀ ಹೋಗುತ್ತದೆ, ಬಿಡದಿದ್ದರೆ ತಮ್ಮ ಅನ್ನ. "ನಿಮ್ಮ ಮಾತು ನಾನು ಆಡಲ್ಲಮ್ಮಾ. ಆದ್ರೆ ನಾನು ಗೀರಿದೆ ಅಂತಲೂ ಒಪ್ಪಲ್ಲ" ಎಂದು ಹೇಳಿ, ಎಣ್ಣೆ ಬಟ್ಟೆಯನ್ನು ಆಕೆಯ ಕೈಗಿತ್ತು, ತಿರುಗಿ ಕೆಲಸಕ್ಕೆ ಕೂತರು.

ತಾಯಿ ಉಗುರು ಒರೆಸಿಕೊಳ್ಳುತ್ತ ನಿಂತೇ ಇದ್ದರು. ಆಮೇಲೆ ಗಟ್ಟಿಯಾಗಿ, "ಗೀರಿದ್ದು ನಾನು ಕಣೋ" ಎಂದರು.

ಮಗ ತಿರುಗಿದರು. "ಸುಮ್ಮನಿರಮ್ಮಾ. ಇವರು ಅತ್ತರು ಅಂತ ಇವರನ್ನ ಉಳಿಸೋಕೆ ಹೇಳ್ತಿದ್ದೀಯಾ?"

"ನಾನೆಲ್ಲಿ ಅತ್ತೆ?" ಎಂದರು ಡಾಂಬರಕ್ಕ.

ತಾಯಿ ಮಗನ ಕೈಯಿಂದ ಕೀ ಕಿತ್ತುಕೊಂಡು ಮುಂದಿನ ಸೀಟಿಗೆ ಹತ್ತಿದರು. ನೀರಿನ ಪೈಪು ಹಿಡಿದವ ಪೈಪು ಬಿಸಾಕಿ ಕಟ್ಟೆ ಹತ್ತಿದ. ಕಾರು ಹಿಂದಕ್ಕೆ ಸರಿಯಿತು, ಸೂರಿನ ಕಂಬಗಳ ನಡುವೆ ನಯವಾಗಿ ತಿರುಗಿತು, ಅಂಗಳಕ್ಕೊಂದು ಸುತ್ತು ಬಂದು ಇದ್ದ ಜಾಗದಲ್ಲೇ ನಿಂತಿತು. ಮಗನ ಬಾಯಿ ತೆರೆದದ್ದು ಹಾಗೇ ಇತ್ತು. ಕ್ಷಮೆ ಗಿಮೆ ಏನೂ ಕೇಳಲಿಲ್ಲ. "ಮಿಕ್ಕಿದ್ದು ತೆಗೀರಿ" ಎಂದಷ್ಟೇ ಹೇಳಿದರು, ದನಿ ಇಳಿದಿತ್ತು. ಮನೆಗೆ ಹೊರಟಾಗ ತಾಯಿಯೇ ಓಡಿಸಿದರು. ಮಗ ಪಕ್ಕದಲ್ಲಿ ಕೂತು ಕಿಟಕಿಯ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ಕಾರು ಮರೆಯಾದ ಮೇಲೆ ಯಜಮಾನರು ಹತ್ತಿರ ಬಂದು ಮೆಲ್ಲಗೆ ಕೇಳಿದರಂತೆ, "ಅಕ್ಕಾ, ನಿಜ ಹೇಳಿ. ಆಯಮ್ಮ ನಿಮಗೆ ಮೊದಲೇ ಪರಿಚಯವಾ?" ಲೆಕ್ಕ ಮುಗಿಸುವ ಮಾತು ಮಾತ್ರ ಮತ್ತೆ ಎತ್ತಲಿಲ್ಲ.

ಈಗ ಆ ತಾಯಿ ಆಗಾಗ ಒಬ್ಬರೇ ಬರುತ್ತಾರೆ. ಡಾಂಬರು ಹತ್ತಿದ್ದರೆ ಡಾಂಬರಕ್ಕನೇ ಬೇಕು. ಆದರೆ ಅವರೂ ಎಲ್ಲರ ಹಾಗೆ ಹಿಂದೆ ನಿಂತು, ಕಣ್ಣು ಮಿಟುಕಿಸದೆ ಇವರ ಕೈಯನ್ನೇ ನೋಡುತ್ತಾರೆ.

ಬೂದು ಕಾರಿನ ಕೊನೆಯ ಚುಕ್ಕಿ ಬಟ್ಟೆಗೆ ಬರುವಷ್ಟರಲ್ಲಿ ಬಿಸಿಲು ಸೂರಿನೊಳಗೆ ಕಾಲಿಟ್ಟಿದೆ. ಕಾರಿನವರು ಬಗ್ಗಿ, ಎಡಕ್ಕೂ ಬಲಕ್ಕೂ ತಲೆ ವಾಲಿಸಿ, ತಪ್ಪು ಹುಡುಕುತ್ತಾರೆ. ಸಿಗುವುದಿಲ್ಲ. ಹೊರಟುಹೋಗುತ್ತಾರೆ. ಕೈ ಒರೆಸಿಕೊಳ್ಳುತ್ತಿರುವ ಡಾಂಬರಕ್ಕನನ್ನು, ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ದೊಡ್ಡದೇನೂ ಹೇಳುವುದಿಲ್ಲ.

"ಒಬ್ಬರಾದ್ರೂ ಕಾರು ಬಿಟ್ಟು, ನೀವೇ ನೋಡ್ಕೊಳ್ಳಿ ಅಕ್ಕಾ ಅಂತ ಟೀ ಕುಡಿಯೋಕೆ ಹೋಗಬೇಕು. ಅಷ್ಟೇ ನನಗೆ." ಆಮೇಲೆ ಕಣ್ಣು ಕಿರಿದಾಗಿಸುತ್ತಾರೆ. "ಆದ್ರೆ ಹಾಗೆ ಹೋದ್ರು ಅಂದ್ರೆ, ಯಾಕೆ ಹೋದ್ರು ಅಂತ ಒಂದು ಸಲ ಯೋಚ್ನೆ ಮಾಡಬೇಕಾಗುತ್ತೆ."