ಹೆಬ್ಬಾರರ ಚೀಲದಲ್ಲಿ ಮರ ಇರಲಿಲ್ಲ

ಹೆಬ್ಬಾರರ ಗಾಲ್ಫ್ ಚೀಲ ಹೊರುವುದಕ್ಕೆ ಕ್ಯಾಡಿಗಳ ನಡುವೆ ಪೈಪೋಟಿಯೇ ಇತ್ತು. ಉಳಿದವರ ಚೀಲಗಳು ಮದುವೆಗೆ ಹೊರಟವರ ಟ್ರಂಕಿನ ಹಾಗೆ ಬಿರಿಯುತ್ತಿದ್ದರೆ, ಇವರದರಲ್ಲಿ ನಾಲ್ಕೈದು ಕಬ್ಬಿಣದ ಕೋಲು, ಒಂದು ಕೊಡೆ, ಮನೆಯಲ್ಲಿ ಕಟ್ಟಿಕೊಟ್ಟ ಅವಲಕ್ಕಿ ಪೊಟ್ಟಣ, ಅಷ್ಟೇ. ಹೊತ್ತವನು ನಡೆಯುವಾಗ ಆ ಕೋಲುಗಳು ಒಂದಕ್ಕೊಂದು ತಾಗಿ ಗಲಗಲ ಎನ್ನುತ್ತಿದ್ದವು. ಹಿಂದೆ ತಿರುಗಿ ನೋಡದೆಯೇ ಹೆಬ್ಬಾರರು ಬಂದರು ಎಂದು ಹೇಳಬಹುದಿತ್ತು.

ಅವರು ಪುತ್ತೂರಿನ ಕಡೆಯವರು, ಮನೆಮಾತು ತುಳು. ನಾನು ಕುಂದಾಪುರದವನು. ನಮ್ಮ ಬ್ಯಾಂಕಿನ ಕಲ್ಕತ್ತ ಶಾಖೆಯಲ್ಲಿ ಅವರು ಸಾಲ ವಿಭಾಗದ ಹಿರಿಯ ಅಧಿಕಾರಿ, ನಾನು ಆಗಷ್ಟೇ ವರ್ಗವಾಗಿ ಬಂದ ಬ್ರಹ್ಮಚಾರಿ. ಸೆಣಬಿನ ಮಿಲ್ಲಿನ ಧಣಿಗಳು, ಚಹಾ ಕಂಪನಿಯವರು ಕಚೇರಿಗಿಂತ ಹೆಚ್ಚಾಗಿ ಗಾಲ್ಫ್ ಮೈದಾನದಲ್ಲೇ ಸಿಗುತ್ತಾರೆಂದು ಬ್ಯಾಂಕು ದಕ್ಷಿಣ ಕಲ್ಕತ್ತದ ಒಂದು ಕ್ಲಬ್ಬಿನಲ್ಲಿ ಎರಡು ಸದಸ್ಯತ್ವ ಇಟ್ಟುಕೊಂಡಿತ್ತು. ಒಂದು ಹೆಬ್ಬಾರರಿಗೆ ಬಂತು. ಇನ್ನೊಂದನ್ನು ಯಾರೂ ಕೇಳಲಿಲ್ಲವಾದ್ದರಿಂದ ನನ್ನ ಕೊರಳಿಗೆ ಬಿತ್ತು. ಹುಟ್ಟಿದೂರಿನಲ್ಲಿ ಲಗೋರಿಗಿಂತ ದೊಡ್ಡ ಆಟ ಆಡದ ನಾವಿಬ್ಬರು ಹೀಗೆ ಗಾಲ್ಫ್ ಆಟಗಾರರಾದೆವು.

ಎಡರಂಗದ ಸರ್ಕಾರದ ಕಾಲ. ಬಂದ್ ಎಂದರೆ ಬ್ಯಾಂಕಿಗೆ ಬೀಗ, ಟ್ರಾಮು ನಿಲುಗಡೆ, ರಸ್ತೆಯ ತುಂಬ ಹುಡುಗರ ಕ್ರಿಕೆಟ್. ಅಂಥ ದಿನಗಳಲ್ಲಿ ನಾವು ಮನೆಗಳಿದ್ದ ಲೇಕ್ ಮಾರ್ಕೆಟ್ಟಿನಿಂದ ಟ್ರಾಮ್ ಹಳಿಯ ಪಕ್ಕದಲ್ಲೇ ನಡೆದು ಕ್ಲಬ್ಬಿಗೆ ಹೋಗುತ್ತಿದ್ದೆವು. ಒಮ್ಮೆ ಕೆಂಪು ಬಾವುಟ ನೆಟ್ಟುಕೊಂಡು ಕುಳಿತ ಪಕ್ಷದ ಕಾರ್ಯಕರ್ತರು ನಮ್ಮನ್ನು ತಡೆದು, ಬಂದ್ ದಿನ ಸಾಹೇಬರ ಆಟಕ್ಕೆ ಹೊರಟಿದ್ದೀರಲ್ಲ ಎಂದು ಕಾಲೆಳೆದರು. ಹೆಬ್ಬಾರರು ತಮ್ಮ ಹರಕು ಬಂಗಾಳಿಯಲ್ಲಿ, ಬಂದ್‌ಗೆ ನಮ್ಮ ಬೆಂಬಲವೂ ಇದೆ ದಾದಾ, ಅದಕ್ಕೇ ಇವತ್ತು ನಮ್ಮ ಚೀಲ ನಾವೇ ಹೊತ್ತಿದ್ದೇವೆ ಎಂದರು. ಕಾರ್ಯಕರ್ತರು ನಕ್ಕು ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಟ್ಟು ಕಳಿಸಿದರು.

ಇಷ್ಟು ಮೃದುವಾದ ಮನುಷ್ಯ ಒಂದು ವಿಷಯದಲ್ಲಿ ಮಾತ್ರ ಜಗಮೊಂಡ. ಗಾಲ್ಫಿನಲ್ಲಿ ದೂರದ ಹೊಡೆತಕ್ಕೆಂದು ದಪ್ಪ ತಲೆಯ ಉದ್ದ ಕೋಲುಗಳಿವೆ. ಹಿಂದೆ ಅವುಗಳ ತಲೆ ಮರದ್ದಾಗಿತ್ತಾದ್ದರಿಂದ ವುಡ್ ಎಂದು ಹೆಸರು. ಅದರಲ್ಲೂ ಹುಲ್ಲಿನ ಮೇಲೆ ಬಿದ್ದಿರುವ ಚೆಂಡನ್ನು ಹೊಡೆಯುವಂಥದ್ದಕ್ಕೆ ಫೇರ್‌ವೇ ವುಡ್ ಎನ್ನುತ್ತಾರೆ. ಹೆಬ್ಬಾರರು ಅದನ್ನು ಮರ ಎಂದೇ ಕರೆಯುತ್ತಿದ್ದರು, ಮತ್ತು ನಮ್ಮಂಥ ಭಾನುವಾರದ ಆಟಗಾರರು ಅದನ್ನು ಮುಟ್ಟಲೇಬಾರದು ಎನ್ನುವುದು ಅವರ ಸಿದ್ಧಾಂತ. ಉದ್ದ ಕೋಲು ಎಂದರೆ ಕೈಯ ಸಣ್ಣ ತಪ್ಪೂ ದೊಡ್ಡದಾಗುತ್ತದೆ, ಹತ್ತರಲ್ಲಿ ಒಂದು ಸಲ ಸರಿಯಾಗಿ ಬಿದ್ದ ಹೊಡೆತದ ನೆನಪಿನಲ್ಲಿ ಉಳಿದ ಒಂಬತ್ತನ್ನು ಮರೆಯುತ್ತೇವೆ ಎನ್ನುತ್ತಿದ್ದರು. ಒಂದು ಭಾರೀ ಹೊಡೆತದ ಜಾಗದಲ್ಲಿ ಎರಡು ಹಗುರ ಹೊಡೆತ ಸಾಕು. ಸಾಲ ಕೊಡುವಾಗಲೂ ಅವರದು ಇದೇ ರೀತಿ ಎಂದು ಶಾಖೆಯಲ್ಲಿ ಎಲ್ಲರೂ ತಮಾಷೆ ಮಾಡುತ್ತಿದ್ದರು.

ನಾನು ಸುಮ್ಮನಿರುವವನಲ್ಲ. ನ್ಯೂ ಮಾರ್ಕೆಟ್ಟಿನಲ್ಲಿ ಕಣ್ಣಿಗೆ ಬಿದ್ದ ಹೊಳೆಯುವ ಉಕ್ಕಿನ ವುಡ್ ಒಂದನ್ನು ಕೊಂಡು ತಂದೆ. ಹೆಬ್ಬಾರರು ಅದರ ತಲೆಗೆ ಬೆರಳಿನಿಂದ ತಟ್ಟಿ ನೋಡಿದರು.

"ಕಬ್ಬಿಣಕ್ಕೆ ಮರ ಅಂತ ಹೆಸರಿಟ್ಟವನನ್ನು ನೀನು ನಂಬ್ತೀಯಾ ಮಾರಾಯ?"

ನಮ್ಮ ಕ್ಯಾಡಿ ನಿವಾರಣ್‌ದಾ ನಮ್ಮಿಬ್ಬರಿಗಿಂತಲೂ ಹಿರಿಯ. ಅವನು ನನ್ನ ಪಕ್ಷ. ಮಳೆಗಾಲದಲ್ಲಿ ಇಲ್ಲಿಯ ನೆಲ ಮೆತ್ತಗಾಗುತ್ತದೆ, ಸಪೂರ ಕಬ್ಬಿಣ ಮಣ್ಣಿನಲ್ಲಿ ಹೂತುಕೊಳ್ಳುತ್ತದೆ, ಅಗಲ ತಲೆಯ ವುಡ್ ಒದ್ದೆ ಹುಲ್ಲಿನ ಮೇಲೆ ಜಾರಿಕೊಂಡು ಹೋಗುತ್ತದೆ ಎಂದು ಅವನ ವಾದ. ಹೆಬ್ಬಾರರು ಅದನ್ನೆಲ್ಲ ಗೌರವದಿಂದ ಕೇಳಿ, ತಮ್ಮ ಏಳನೇ ನಂಬರಿನ ಕಬ್ಬಿಣವನ್ನೇ ಕೈಗೆ ತೆಗೆದುಕೊಳ್ಳುತ್ತಿದ್ದರು. ನನ್ನ ಹೊಸ ವುಡ್ಡಿನ ಮೊದಲ ಕೆಲವು ಹೊಡೆತಗಳು ಪಕ್ಕದ ಪೊದೆಗೆ ಹೋದವು. ಅವರು ಅವಲಕ್ಕಿ ಪೊಟ್ಟಣ ಬಿಚ್ಚಿ ನನಗೂ ಒಂದು ಹಿಡಿ ಕೊಟ್ಟರು. ನಾಚಿಕೆಯಾಗಿ ನಾನೇ ಆ ವುಡ್ಡನ್ನು ಒಯ್ದು ಮನೆಯ ಕಪಾಟಿಗೆ ಸೇರಿಸಿದೆ.

ಅವರು ಮಾತಿಗೊಮ್ಮೆ ನನ್ನನ್ನು ಮಾರಾಯ ಎನ್ನುತ್ತಿದ್ದರು. ನಿವಾರಣ್‌ದಾ ಅದನ್ನೇ ನನ್ನ ಮನೆತನದ ಹೆಸರೆಂದು ತಿಳಿದ. ಕ್ಯಾಡಿಗಳೆಲ್ಲ ನನ್ನನ್ನು ಮಾರಾಯ್‌ಬಾಬು ಎಂದು ಕರೆಯತೊಡಗಿದರು, ಕೊನೆಗೆ ಕ್ಲಬ್ಬಿನ ಆಟದ ಪಟ್ಟಿಯಲ್ಲೂ ಹಾಗೇ ಬಂತು. ತಿದ್ದಿಸಬೇಕೆಂದು ನಾನು ಹೊರಟರೆ ಹೆಬ್ಬಾರರು ಬಿಡಲಿಲ್ಲ. ಕಲ್ಕತ್ತದಲ್ಲಿ ಸೇನ್, ಬೋಸ್, ರಾಯ್ ಬೇಕಾದಷ್ಟಿದ್ದಾರೆ, ಮಾರಾಯ್ ಒಬ್ಬನೇ ಇರಲಿ ಎಂದರು.

ಆ ಮೈದಾನದ ಏಳನೇ ಗುಂಡಿಗೆ ಹೋಗುವ ದಾರಿಗೆ ಅಡ್ಡಲಾಗಿ ಒಂದು ದೊಡ್ಡ ಕೆರೆಯಿತ್ತು. ಬಂಗಾಳಿಗಳ ಬಾಯಲ್ಲಿ ಪುಕುರ್. ಅಂಚಿನಲ್ಲಿ ಅಂತರಗಂಗೆ, ಅದರ ಮೇಲೆ ಬೆಳ್ಳಕ್ಕಿ. ಮೊದಲ ಹೊಡೆತ ಮುಗಿಸಿ ನಿಂತಲ್ಲಿಂದ ಒಳ್ಳೆಯ ಆಟಗಾರ ವುಡ್ ತೆಗೆದು ಒಂದೇ ಏಟಿಗೆ ಕೆರೆ ದಾಟಿಸುತ್ತಿದ್ದ. ಹೆಬ್ಬಾರರದು ದಡದ ತನಕ ಒಂದು ಪುಟ್ಟ ಹೊಡೆತ, ಅಲ್ಲಿಂದ ಆಚೆಗೆ ಇನ್ನೊಂದು. ನಾನು ನೋಡಿದಷ್ಟು ಕಾಲ ಅವರ ಒಂದು ಚೆಂಡೂ ನೀರಿಗೆ ಬಿದ್ದದ್ದಿಲ್ಲ. ಅವರಿಗೆ ಅದರ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತು.

ಅವರ ಹೆಂಡತಿ ವನಜಕ್ಕ. ಮಕ್ಕಳಿಲ್ಲದ ಆ ಮನೆಗೆ ನಾನು ಭಾನುವಾರದ ಊಟಕ್ಕೆ ಕಾಯಂ ಗಿರಾಕಿ. ಬಂಗಾಳಿಗಳು ಕಚು ಎನ್ನುವ ಕೆಸುವಿನ ಎಲೆ ತಂದು ಪತ್ರೊಡೆ ಮಾಡಿ, ಮೀನಿಲ್ಲದೆ ಊಟ ಇಳಿಯದ ನೆರೆಮನೆಯ ಬಂಗಾಳಿ ಹೆಂಗಸಿಗೂ ಅದರ ರುಚಿ ಹತ್ತಿಸಿದ್ದರು. ಗಂಡ ಹೆದರುಪುಕ್ಕಲ ಎಂದು ನನ್ನೆದುರೇ ಗೇಲಿ ಮಾಡುತ್ತಿದ್ದರು. ರಸ್ತೆ ದಾಟುವುದಕ್ಕೂ ಇವರಿಗೆ ಎರಡು ಹೊಡೆತ ಬೇಕು, ಮಧ್ಯದಲ್ಲಿ ಒಮ್ಮೆ ನಿಲ್ಲುತ್ತಾರೆ ಎಂದು ನಗುತ್ತಿದ್ದರು. ಹೆಬ್ಬಾರರು ಮಜ್ಜಿಗೆ ಬಡಿಸಿಕೊಳ್ಳುತ್ತ ಅದಕ್ಕೂ ತಲೆಯಾಡಿಸುತ್ತಿದ್ದರು.

ಆ ನಗುವಿನ ನಡುವೆ ವನಜಕ್ಕನಿಗೆ ಏದುಸಿರು ಬರತೊಡಗಿತು. ಮನೆ ಮೂರನೇ ಮಹಡಿಯಲ್ಲಿತ್ತು, ತರಕಾರಿ ಚೀಲ ಹಿಡಿದು ಹತ್ತುವಾಗ ಪ್ರತಿ ತಿರುವಿನಲ್ಲೂ ಕುಳಿತುಬಿಡುತ್ತಿದ್ದರು. ಚಿಕ್ಕಂದಿನ ಜ್ವರವೊಂದರಿಂದ ಹೃದಯದ ಕವಾಟ ಕೆಟ್ಟಿದೆ ಎಂದು ತಿಳಿಯಿತು. ಕಲ್ಕತ್ತದ ಜನ ದೊಡ್ಡ ಕಾಯಿಲೆಗೆಲ್ಲ ವೆಲ್ಲೂರಿನ ರೈಲು ಹತ್ತುವ ಹಾಗೆ ಇವರೂ ಹತ್ತಿದರು. ಅಲ್ಲಿಯ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರಂತೆ. ಎದೆ ತೆರೆದು ಆಪರೇಷನ್ ಮಾಡಬಹುದು, ಅಪಾಯ ಖಂಡಿತ ಇದೆ, ಗೆದ್ದರೆ ಬಹುಕಾಲ ಬಾಳಬಹುದು. ಬೇಡವೆಂದರೆ ಮಾತ್ರೆ, ಪಥ್ಯ, ವಿಶ್ರಾಂತಿ. ಹಾಗೆ ಎಷ್ಟು ಕಾಲ ಸಾಗುತ್ತದೋ ಹೇಳಲಾಗದು.

ಅವರು ಮರಳಿ ಬಂದ ಸಂಜೆ ನಾನು ಅಲ್ಲಿದ್ದೆ. ಕರೆಂಟ್ ಹೋಗಿತ್ತು, ಮೇಜಿನ ಮೇಲೆ ಚಿಮಿಣಿ ದೀಪ. ವನಜಕ್ಕ ಮಂಚದ ಅಂಚಿನಲ್ಲಿ ಕುಳಿತು ಬೀಸಣಿಗೆ ಆಡಿಸುತ್ತಿದ್ದರು.

"ಮಾಡಿಸಿಬಿಡುವ," ಎಂದರು. "ಈ ಮೆಟ್ಟಿಲು ಹತ್ತಿ ಹತ್ತಿ ನನಗೆ ಸಾಕಾಗಿದೆ. ಆದದ್ದು ಆಗಲಿ."

ಹೆಬ್ಬಾರರು ಬಹಳ ಹೊತ್ತು ದೀಪದ ಬತ್ತಿ ಸರಿಮಾಡಿದರು.

"ಅಷ್ಟು ದೂರದ ಹೊಡೆತ ನಮಗೆ ಬೇಡ ವನಜಾ. ಸ್ವಲ್ಪ ಸ್ವಲ್ಪವೇ ಹೋಗುವ."

"ನಾನೇನು ನಿಮ್ಮ ಗಾಲ್ಫಿನ ಚೆಂಡಾ?" ಎಂದು ವನಜಕ್ಕ ನಕ್ಕರು. ಆ ನಗುವಿನಲ್ಲಿ ನೋವಿದ್ದದ್ದು ನನಗೂ ಕಂಡಿತು. ಆಮೇಲೆ ಅವರು ಆ ಮಾತು ಎತ್ತಲಿಲ್ಲ.

ಹೆಬ್ಬಾರರು ಅವರನ್ನು ನೋಡಿಕೊಂಡ ರೀತಿಯನ್ನು ಕಂಡವರು ಯಾರೂ ಒಂದು ಮಾತು ಆಡಲಾರರು. ಸಾಲ ಸೋಲ ಎಂದು ಕೂರದೆ ನೆಲಮಹಡಿಯ ಮನೆ ಹುಡುಕಿದರು. ಉಪ್ಪಿಲ್ಲದ ಸಾರನ್ನು ತಾವೂ ಉಂಡರು. ಮಾತ್ರೆಯ ಹೊತ್ತು ತಪ್ಪಿಸಲಿಲ್ಲ. ಸಂಜೆ ಅವರನ್ನು ಕೈಹಿಡಿದು ಮನೆಯ ಹತ್ತಿರದ ಲೇಕಿನ ದಡದಲ್ಲಿ ಒಂದು ಬೆಂಚಿನಿಂದ ಇನ್ನೊಂದು ಬೆಂಚಿನವರೆಗೆ ನಡೆಸುತ್ತಿದ್ದರು. ಎರಡು ದುರ್ಗಾಪೂಜೆಗಳು ಹೀಗೆ ಕಳೆದವು. ಎರಡನೆಯದರಲ್ಲಿ ವನಜಕ್ಕ ಓಣಿಯ ಪೆಂಡಾಲಿನ ದುರ್ಗೆಯನ್ನು ನೋಡಲು ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಆ ಚಳಿಗಾಲದ ಒಂದು ಬೆಳಿಗ್ಗೆ, ಹೆಬ್ಬಾರರು ಕಾಫಿ ತರುವಷ್ಟರಲ್ಲಿ ವನಜಕ್ಕ ಹೋಗಿಬಿಟ್ಟರು. ಕೆವರಾತಲಾ ಸ್ಮಶಾನದಲ್ಲಿ ಹೆಬ್ಬಾರರು ಅಳಲಿಲ್ಲ. ಬಂದವರಿಗೆಲ್ಲ ಚಹಾ ಆಯಿತೇ ಎಂದು ವಿಚಾರಿಸುತ್ತಿದ್ದರು, ನನಗೆ ಅದನ್ನು ನೋಡಲಾಗಲಿಲ್ಲ.

ತಿಂಗಳುಗಟ್ಟಲೆ ಅವರು ಕ್ಲಬ್ಬಿನ ಕಡೆ ಸುಳಿಯಲಿಲ್ಲ. ಬೇಸಿಗೆ ಶುರುವಾಗುವಾಗ ಒಂದು ಭಾನುವಾರ ನಸುಕಿನಲ್ಲಿ ನನ್ನ ಮನೆಯ ಬಾಗಿಲು ತಟ್ಟಿದರು. ಗಡ್ಡ ಬಿಟ್ಟಿದ್ದರು.

"ನಿನ್ನ ಹತ್ರ ಆ ಮರ ಉಂಟಲ್ಲ, ಅದನ್ನು ಕೊಡು."

ಅಂದು ಅವರು ಬೇರೆ ಯಾವ ಗುಂಡಿಗೂ ಆಡಲಿಲ್ಲ. ನೇರ ಏಳನೆಯದಕ್ಕೆ ನಡೆದು, ಕೆರೆಗಿಂತ ಬಹಳ ಹಿಂದೆಯೇ ನಿಂತು, ಹುಲ್ಲಿನ ಮೇಲೆ ಚೆಂಡಿಟ್ಟು ನನ್ನ ವುಡ್ ಎತ್ತಿದರು. ಚೆಂಡು ತಗ್ಗಿನಲ್ಲಿ ಹಾರಿ ನೀರಿಗೆ ಬಿತ್ತು. ಇನ್ನೊಂದು ಇಟ್ಟರು. ಅದೂ ಬಿತ್ತು. ಬೆಳ್ಳಕ್ಕಿಗಳು ಎದ್ದು ಆಚೆ ದಡಕ್ಕೆ ಹೋದವು. ತಂದ ಚೆಂಡುಗಳೆಲ್ಲ ಮುಗಿದ ಮೇಲೆ ಅವರು ನಿವಾರಣ್‌ದಾನಿಗೆ ಕೋಲು ಕೊಟ್ಟು ಟ್ರಾಮ್ ಹಿಡಿಯಲು ಹೊರಟರು. ಮುಂದಿನ ಭಾನುವಾರವೂ ಅದೇ. ಅದರ ಮುಂದಿನದೂ ಅದೇ.

ಕ್ಲಬ್ಬಿನವರು ಹುಚ್ಚು ಎಂದರು. ನಿವಾರಣ್‌ದಾ ಏಳನೇ ನಂಬರಿನ ಕಬ್ಬಿಣವನ್ನು ಮೆಲ್ಲನೆ ಮುಂದೆ ಚಾಚಿ ನೋಡಿದ, ಅವರು ಕಣ್ಣೆತ್ತಲಿಲ್ಲ. ನಾನು ಕಾಲಿನ ಅಗಲ, ಭುಜದ ತಿರುವು ಎಂದು ಗೊತ್ತಿದ್ದದ್ದನ್ನೆಲ್ಲ ಹೇಳಿಕೊಟ್ಟೆ. ಒಮ್ಮೆ ದಾಟಿಬಿಟ್ಟರೆ ಈ ಮನುಷ್ಯನ ಎದೆಯ ಭಾರ ಇಳಿಯುತ್ತದೆ ಎಂದು ನಾನು ಮನಸಾರೆ ನಂಬಿದ್ದೆ. ಭಾನುವಾರ ಎದ್ದ ತಕ್ಷಣ ನಾನು ಬೇಡಿಕೊಳ್ಳುತ್ತಿದ್ದದ್ದು ಅದೊಂದನ್ನೇ.

ಅಷ್ಟರಲ್ಲಿ ಅವರು ಕೇಳಿಕೊಂಡಿದ್ದ ವರ್ಗಾವಣೆ ಬಂತು, ಪುತ್ತೂರಿಗೇ. ಹೊರಡುವ ಮೊದಲಿನ ಭಾನುವಾರ ಮಳೆ ನಿಂತು ಹುಲ್ಲು ಒದ್ದೆಯಾಗಿತ್ತು. ಒಂದಾದ ಮೇಲೊಂದು ಚೆಂಡು ನೀರು ಸೇರಿತು. ಆಮೇಲೆ ಒಂದು ಹೊಡೆತದ ಸದ್ದೇ ಬೇರೆಯಾಗಿ ಕೇಳಿತು. ಚೆಂಡು ಎತ್ತರಕ್ಕೆ ಏರಿ, ಕೆರೆಯ ಅಷ್ಟೂ ಅಗಲವನ್ನು ದಾಟಿ, ಆಚೆ ದಡದ ಹಸಿರಿನ ಮೇಲೆ ಬಿದ್ದು ಉರುಳಿತು. ನಾನು ಚಪ್ಪಾಳೆ ತಟ್ಟಿದೆ. ನಿವಾರಣ್‌ದಾ ತಲೆಗೆ ಸುತ್ತಿದ್ದ ಗಮಚಾ ವಸ್ತ್ರ ಬಿಚ್ಚಿ ಗಾಳಿಯಲ್ಲಿ ಬೀಸಿದ.

ಹೆಬ್ಬಾರರು ಕೋಲನ್ನು ಭುಜದಿಂದ ಇಳಿಸಿರಲೇ ಇಲ್ಲ.

"ದಾಟಿತಾ?"

"ದಾಟಿತು ಹೆಬ್ಬಾರ್ರೇ. ಚೆನ್ನಾಗಿ ದಾಟಿತು."

"ಹಾಗಾದ್ರೆ ದಾಟ್ತಿತ್ತು," ಎಂದರು.

ಅಲ್ಲೇ ಒದ್ದೆ ಹುಲ್ಲಿನ ಮೇಲೆ ಕುಳಿತರು. ನಾನು ಎಂಥ ಹಾರೈಕೆ ಹಾರೈಸಿದ್ದೆ ಎನ್ನುವುದು ಆಗ ನನಗೆ ಹೊಳೆಯಿತು. ಅಷ್ಟು ಭಾನುವಾರ ನೀರಿಗೆ ಬಿದ್ದ ಪ್ರತಿ ಚೆಂಡೂ ಅವರಿಗೆ ಸಮಾಧಾನವೇ ಆಗಿತ್ತು. ಆಗುವುದಿಲ್ಲ, ಆಪರೇಷನ್ ಮಾಡಿಸಿದ್ದರೂ ಆಗುತ್ತಿರಲಿಲ್ಲ ಎಂದು ಹೇಳಿಸಿಕೊಳ್ಳಲು ಅವರು ವಾರ ವಾರ ಅಲ್ಲಿಗೆ ಬರುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತು, ಎಷ್ಟು ಚೆಂಡು ಮುಳುಗಿದವು ಲೆಕ್ಕವುಂಟೇ, ದಾಟಿದ್ದು ಒಂದೇ ಒಂದಲ್ಲವೇ ಎಂದು ಸಮಾಧಾನ ಹೇಳಹೊರಟೆ.

ಅವರು ನನ್ನ ಕೈ ಹಿಡಿದುಕೊಂಡರು. ವನಜಕ್ಕ ಹೋದ ಮೇಲೆ ಮೊದಲ ಸಲ ಅವರ ಕಣ್ಣಲ್ಲಿ ನೀರು ಬಂತು.

"ಅವು ಹೊಡೆದು ಮುಳುಗಿದ್ದು ಮಾರಾಯ. ಅವಳು ಮಾಡಿಸುವ ಅಂದಿದ್ದಳು. ನನ್ನ ಹತ್ರ ಕೇಳಿದ್ದಳು."

ನಿವಾರಣ್‌ದಾ ಚೆಂಡು ತರಲು ಕೆರೆಯ ಸುತ್ತ ನಡೆದು ಹೋಗಿದ್ದ. ಅವನು ಅದನ್ನು ಒರೆಸಿ ತಂದು ಮುಂದೆ ಹಿಡಿದಾಗ ಹೆಬ್ಬಾರರು ಕೈ ಚಾಚಲಿಲ್ಲ. ಆ ವಾರವೇ ಅವರನ್ನು ಹೌರಾದಲ್ಲಿ ರೈಲು ಹತ್ತಿಸಿ ಬಂದೆ. ಕಿಟಕಿಯಲ್ಲಿ ನನ್ನ ಊಟತಿಂಡಿಯ ಬಗ್ಗೆಯೇ ಮಾತಾಡಿದರು. ಊರಿಗೆ ಹೋದ ಮೇಲೆ ಅವರು ಹೆಚ್ಚು ಕಾಲ ಬದುಕಲಿಲ್ಲ, ಸುದ್ದಿ ನನಗೆ ತಡವಾಗಿ ಸಿಕ್ಕಿತು. ನಾನು ಆಮೇಲೆಯೂ ಕೆಲವು ವರ್ಷ ಆ ಮೈದಾನದಲ್ಲಿ ಆಡಿದೆ. ಹೊಸದಾಗಿ ಕಲಿಯುವವರು ವುಡ್ ಇಟ್ಟುಕೊಳ್ಳಬೇಕೇ ಬೇಡವೇ ಎಂದು ನನ್ನನ್ನು ಕೇಳುತ್ತಿದ್ದರು. ಬೇಕು ಎನ್ನಲು ಬಾಯಿ ಬರುತ್ತಿರಲಿಲ್ಲ, ಬೇಡ ಎನ್ನಲು ಧೈರ್ಯವಿರಲಿಲ್ಲ.