ತಪ್ಪಿಗೆ ಕೆಂಪು ಚುಕ್ಕೆ

೧೯೭೪ರ ಮಾರ್ಚ್ ಹನ್ನೆರಡು, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಚೊರ್ದಾಶ್ ವಿಲ್ಮಾ ಉಪಾಧ್ಯಾಯರ ಕೋಣೆಯ ಕಿಟಕಿ ಪಕ್ಕ ಕೂತು ಚಾಕುವಿನಿಂದ ಕೆಂಪು ಪೆನ್ಸಿಲ್ ಹೆರೆಯುತ್ತಿದ್ದಳು. ಮುಂದೆ ನಾಲ್ಕನೇ ತರಗತಿಯ ಮೂವತ್ತೊಂದು ಗಣಿತದ ನೋಟುಪುಸ್ತಕ. ಪಕ್ಕದಲ್ಲಿ ಹಂದಿಕೊಬ್ಬು ಸವರಿ ಈರುಳ್ಳಿ ಹರಡಿದ ಬ್ರೆಡ್ಡು, ಒಂದೇ ಒಂದು ಸಲ ಕಚ್ಚಿ ಇಟ್ಟದ್ದು.

ಪೆನ್ಸಿಲ್ ಮೊನೆಯಾದ ಮೇಲೆ ಇಲ್ಕಾ ಎಂಬ ಹುಡುಗಿಯ ಪುಸ್ತಕದಲ್ಲಿ ಒಂದು ಚುಕ್ಕೆ ಇಟ್ಟಳು. ಆಗಷ್ಟೇ ಒಳಗೆ ಬಂದು ಅವಳ ಬೆನ್ನ ಹಿಂದೆ ನಿಂತಿದ್ದ ಹೆಡ್ಮಾಸ್ತರ್ ಗೆದೆಯೊನ್ ಅದನ್ನು ನೋಡಿ ಟೋಪಿ ತೆಗೆಯುವುದನ್ನೇ ಮರೆತರು.

ತೀಸಾ ನದಿಯ ದಂಡೆಯ ಆ ಊರಿನಲ್ಲಿ ಸರಿಯುತ್ತರಕ್ಕೆ ಕೆಂಪು ಚುಕ್ಕೆ, ತಪ್ಪಿಗೆ ಕಪ್ಪು. ಐದು ಕೆಂಪು ಸೇರಿದರೆ ಐದು ಅಂಕ, ಅದೇ ಎಲ್ಲಕ್ಕಿಂತ ಮೇಲು. ಐದು ಕಪ್ಪು ಸೇರಿದರೆ ಒಂದು ಅಂಕ, ಅಂದರೆ ನಪಾಸು. ಅಂಕ ಮನೆಗೆ ಹೋಗಿ ಅಪ್ಪನ ಸಹಿ ಹಾಕಿಸಿಕೊಂಡು ಬರಬೇಕು. ಕೆಲವು ಮನೆಗಳಲ್ಲಿ ಸಹಿಗೆ ಮುಂಚೆ ಏಟು ಬೀಳುತ್ತಿತ್ತು.

ಲೆಕ್ಕ ಇಷ್ಟೇ: ದೋಣಿಯಲ್ಲಿ ಆರು ಜನ ಹಿಡಿಸುತ್ತಾರೆ, ಇಪ್ಪತ್ತು ಜನ ಆಚೆ ದಡಕ್ಕೆ ಹೋಗಲು ದೋಣಿ ಎಷ್ಟು ಸಲ ಹೊರಡಬೇಕು? ಪಠ್ಯಪುಸ್ತಕದ ಉತ್ತರ ನಾಲ್ಕು. ಇಲ್ಕಾ ಐದು ಎಂದು ಬರೆದಿದ್ದಳು. ಕೆಳಗೆ, ಸಂತೆಯ ದಿನ ಎಲ್ಲರ ಬಳಿಯೂ ಬಾತುಕೋಳಿಯ ಬುಟ್ಟಿ ಇರುತ್ತದೆ, ಆಗ ದೋಣಿಯಲ್ಲಿ ನಾಲ್ಕೇ ಜನ ಹಿಡಿಸುವುದು ಎಂದು ಕಾರಣ ಬರೆದಿದ್ದಳು. ಅದರ ಪಕ್ಕದಲ್ಲಿ ವಿಲ್ಮಾಳ ಅಕ್ಷರ: "ಉತ್ತರ ತಪ್ಪು. ಲೆಕ್ಕದಲ್ಲಿ ಬುಟ್ಟಿ ಇಲ್ಲ. ಯೋಚಿಸಿದ ರೀತಿ ಚೆನ್ನಾಗಿದೆ." ಪಕ್ಕದಲ್ಲಿ ಕೆಂಪು ಚುಕ್ಕೆ.

"ಮಾರಾಯ್ತಿ, ನಾಡಿದ್ದು ಇನ್‌ಸ್ಪೆಕ್ಟರ್ ಬರ್ತಿದಾರೆ," ಎಂದರು ಗೆದೆಯೊನ್.

"ಬರ್ಲಿ. ಕುರ್ಚಿ ಇದೆ."

"ತಪ್ಪು ಅಂತಲೂ ಬರೀತೀಯ, ಕೆಂಪೂ ಇಡ್ತೀಯ. ಯಾವುದಾದ್ರೂ ಒಂದು ಮಾಡು."

"ತಪ್ಪನ್ನ ಸರಿ ಅಂತ ನಾನು ಯಾವತ್ತೂ ಬರ್ದಿಲ್ಲ ಹೆಡ್ಮಾಸ್ತರ್ರೇ. ಆದ್ರೆ ಯೋಚನೆ ಮಾಡಿದ ಮಗೂಗೆ ಕಪ್ಪು ಇಟ್ರೆ, ನಾಳೆಯಿಂದ ಅದು ಯೋಚನೆ ಮಾಡೋದನ್ನೇ ಬಿಡುತ್ತೆ."

"ಮಸಿ ತಗೊಂಡು ಕೆಂಪಿನ ಮೇಲೆ ಕಪ್ಪು ಇಟ್ಟುಬಿಡು, ಅಷ್ಟೇ. ಇಲ್ದಿದ್ರೆ ಸೆಪ್ಟೆಂಬರಲ್ಲಿ ಹೊಸ ಶಾಲಾವರ್ಷ ಶುರುವಾದಾಗ ನಿನ್ನ ಕ್ಲಾಸು ಕಿತ್ಕೊಂಡು ಮಧ್ಯಾಹ್ನದ ಮಕ್ಕಳನ್ನ ಕಾಯೋಕೆ ಹಾಕ್ತಾರೆ. ನನ್ನ ಕೈಲಿ ತಡೆಯೋಕಾಗಲ್ಲ."

ವಿಲ್ಮಾ ಮಸಿಯ ಕುಡಿಕೆಯನ್ನು ಅವರ ಕಡೆ ಸರಿಸಿದಳು. "ನೀವೇ ಇಡಿ. ಯಾರ ಕೈ ಅಂತ ಮಕ್ಕಳಿಗೂ ಗೊತ್ತಾಗ್ಲಿ."

ಅವರು ಕುಡಿಕೆ ಮುಟ್ಟಲಿಲ್ಲ.

ವಿಲ್ಮಾ ದೋಣಿಗಾರನ ಮಗಳು. ಸೆಗೆದ್ ನಗರದಲ್ಲಿ ಭೌತಶಾಸ್ತ್ರ, ಗಣಿತ ಓದಿ ಪದವಿ ಪಡೆದವಳು. ಹದಿನೈದು ವರ್ಷ ಮೇಲಿನ ತರಗತಿಗಳಿಗೆ ಕಲಿಸಿದಳು. ಅಲ್ಲಿಗೆ ಬರುವ ಹೊತ್ತಿಗೆ ಮಕ್ಕಳು ಏನನ್ನೂ ಕೇಳದವರಾಗಿರುತ್ತಿದ್ದರು. ಹೇಳಿಕೊಟ್ಟ ಲೆಕ್ಕ ತಪ್ಪಿಲ್ಲದೆ ಮಾಡುವರು. ಅಂಕಿ ಬದಲಿಸಿದರೆ ಕೈ ಕಟ್ಟಿ ಕೂರುವರು. ಈ ರೋಗ ಎಲ್ಲಿಂದ ಶುರುವಾಗುತ್ತದೆಂದು ನೋಡಲು ಒಂದು ಚಳಿಗಾಲವಿಡೀ ಒಂದೊಂದು ತರಗತಿಯ ಹಿಂದೆ ಕೂತು ಮಕ್ಕಳ ಪ್ರಶ್ನೆಗಳನ್ನು ಗೆರೆ ಎಳೆದು ಎಣಿಸಿದಳು. ಒಂದನೇ ತರಗತಿಯಲ್ಲಿ ಗಂಟೆಗೆ ಹತ್ತೊಂಬತ್ತು, ನಾಲ್ಕನೆಯದರಲ್ಲಿ ಎರಡು. ಆ ಎರಡರಲ್ಲಿ ಒಂದು, ಹೊರಗೆ ಹೋಗಿ ಬರಲಾ ಎಂಬುದು. ಮರುವರ್ಷ ಕೇಳಿ ನಾಲ್ಕನೇ ತರಗತಿ ಪಡೆದಳು. ಪದವಿ ಪಡೆದವಳಿಗೆ ಚಿಕ್ಕಮಕ್ಕಳ ಮೂಗು ಒರೆಸುವ ಚಪಲ ಎಂದು ಊರು ನಕ್ಕಿತು. ಇಲ್ಕಾಳ ಬ್ಯಾಚು ಬರುವ ಹೊತ್ತಿಗೆ ಅವಳ ಕೋಣೆಯಲ್ಲಿ ಗಂಟೆಗೆ ಹದಿನಾಲ್ಕು ಪ್ರಶ್ನೆ ಬರುತ್ತಿದ್ದವು.

ಗುರುವಾರ ಇನ್‌ಸ್ಪೆಕ್ಟರ್ ಹಲ್ಮೊಶ್ ಬಂದರು. ಕೆಟ್ಟ ಮನುಷ್ಯರೇನಲ್ಲ, ಹನ್ನೆರಡರ ರೈಲು ಹಿಡಿಯಬೇಕಿತ್ತು. ಹಿಂದಿನ ಬೆಂಚಿನಲ್ಲಿ ಕೂತು ಇಲ್ಕಾಳನ್ನು ಕರಿಹಲಗೆಯ ಬಳಿ ನಿಲ್ಲಿಸಿದರು.

"ಮೂರು ಜನ ಗಾರೆಯವರು ಒಂದು ಗೋಡೇನ ನಾಲ್ಕು ದಿನದಲ್ಲಿ ಕಟ್ತಾರೆ. ಆರು ಜನ ಕಟ್ಟಿದ್ರೆ?"

"ಎರಡು ದಿನ," ಎಂದಳು ಇಲ್ಕಾ. "ಆದ್ರೆ ಗೋಡೆ ಎಷ್ಟು ಉದ್ದ?"

"ಅದು ಬೇಡ ಈಗ."

"ಗೋಡೆ ಗಿಡ್ಡ ಇದ್ರೆ ಆರು ಜನ ನಿಲ್ಲೋಕಾಗಲ್ವಲ್ಲ, ಮಾಮ. ಮೊಣಕೈ ಮೊಣಕೈ ತಾಗುತ್ತೆ."

"ಅವಳಪ್ಪ ಗಾರೆ ಕೆಲಸದೋರು," ಎಂದು ಯಾರೋ ಹಿಂದಿನಿಂದ ಮಾತು ಸೇರಿಸಿದರು. ತರಗತಿ ನಕ್ಕಿತು. ಹಲ್ಮೊಶ್ ಕೂಡ ತುಟಿಯಂಚಿನಲ್ಲಿ ನಕ್ಕು, ಆಮೇಲೆ ಅವಳ ನೋಟುಪುಸ್ತಕ ತರಿಸಿ ಬಿಡಿಸಿದರು. ನಗು ಅಲ್ಲಿಗೆ ನಿಂತಿತು. ಇನ್ನೂ ನಾಲ್ಕು ಪುಸ್ತಕ ಕೇಳಿದರು. ಯಾವ ಚುಕ್ಕೆಯ ಮೇಲೂ ಮಸಿ ಬಿದ್ದಿರಲಿಲ್ಲ.

ಸೆಪ್ಟೆಂಬರಿನಲ್ಲಿ ನಾಲ್ಕನೇ ತರಗತಿ ಬೇರೆಯವರ ಕೈಗೆ ಹೋಯಿತು. ವಿಲ್ಮಾ ನಿವೃತ್ತಿಯಾಗುವವರೆಗೆ, ಒಟ್ಟು ಒಂಬತ್ತು ವರ್ಷ, ಅಪ್ಪ ಅಮ್ಮ ಕೆಲಸದಿಂದ ಬರುವ ತನಕ ಶಾಲೆಯಲ್ಲೇ ಉಳಿಯುವ ಮಧ್ಯಾಹ್ನದ ಮಕ್ಕಳನ್ನು ನೋಡಿಕೊಂಡಳು. ಮೊದಲ ತಿಂಗಳು ಅವಳಿಗೆ ಕಷ್ಟವಾಯಿತು. ಹಳೆಯ ತರಗತಿಯ ಬಾಗಿಲು ದಾಟುವಾಗ ಹೆಜ್ಜೆ ತಾನಾಗಿ ನಿಧಾನವಾಗುತ್ತಿತ್ತು. ಆಮೇಲೆ ಹೊಳೆಯಿತು: ಮಧ್ಯಾಹ್ನದ ಹೊತ್ತಿಗೆ ಚುಕ್ಕೆಯೂ ಇಲ್ಲ, ಅಂಕವೂ ಇಲ್ಲ, ಸಹಿಯೂ ಇಲ್ಲ, ಇನ್‌ಸ್ಪೆಕ್ಟರಂತೂ ಕಾಲಿಡುವುದಿಲ್ಲ. ಶಿಕ್ಷೆ ಎಂದು ಅವಳನ್ನು ಕಳಿಸಿದ್ದು ಬೇಲಿಯಿಲ್ಲದ ಹೊಲಕ್ಕೆ.

"ವಿಲ್ಮಾ, ನಿನ್ನ ಮಕ್ಕಳು ಗಸಗಸೆ ಶಾವಿಗೆ ತಿನ್ನೋ ಬದಲು ಉದ್ದ ಅಳೀತಾ ಕೂತಿವೆ," ಎಂದು ಅಡುಗೆಯವಳು ಗೊಣಗುತ್ತಿದ್ದಳು.

"ಅಳೆದಾದ್ಮೇಲೆ ತಿಂತಾವೆ ಬಿಡಕ್ಕ. ತಣ್ಣಗಾದ್ರೆ ಉದ್ದ ಕಮ್ಮಿ ಆಗುತ್ತಾ ಅಂತ ನೋಡ್ತಿದಾವೆ."

ಇದೆಲ್ಲ ಆಗದೆಯೂ ಇರಬಹುದಿತ್ತು. ಇಲಾಖೆಯವರು ನಿರ್ದಯಿಗಳು ಎಂದು ಊರಿನಲ್ಲಿ ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ಆ ಗುರುವಾರ ಗಂಟೆ ಹೊಡೆದು ಮಕ್ಕಳು ಅಂಗಳಕ್ಕೆ ಓಡಿದ ಮೇಲೆ, ಹಲ್ಮೊಶ್ ವರದಿಯ ಹಾಳೆಯನ್ನು ಮೇಜಿನ ಮೇಲಿಟ್ಟು, ಪೆನ್ನಿನ ಮುಚ್ಚಳ ತೆಗೆದು ಕಾದರು. ಗೆದೆಯೊನ್ ಬಾಗಿಲ ಬಳಿ ನಿಂತಿದ್ದರು.

"ವಿಲ್ಮಾ ಅವರೇ, ನೀವು ಒಳ್ಳೆ ಟೀಚರ್ರು. ಆ ಹುಡುಗಿ ನಿಂತು ಕೇಳಿದ್ದನ್ನ ನಾನೂ ನೋಡ್ದೆ. ನಿಮ್ಮ ಕ್ಲಾಸು ನಿಮಗೇ ಇರ್ಲಿ ಅಂತ ನನಗೂ ಆಸೆ. ಆದ್ರೆ ಇದನ್ನ ಹೀಗೇ ಬರೆದ್ರೆ ಮೇಲಿನೋರು ಸುಮ್ಮನಿರಲ್ಲ. ಆಯಾಸದಲ್ಲಿ ಕೈತಪ್ಪಿ ಕೆಲವು ಚುಕ್ಕೆ ಬಣ್ಣ ಬದಲಾಗಿದೆ ಅಂತ ಬರ್ಕೋತೀನಿ. ಸೆಪ್ಟೆಂಬರಿಂದ ಇಲ್ಲೀತನಕ ಒಂದು ಮೂರೋ ನಾಲ್ಕೋ ಆಗಿರಬಹುದು, ಅಲ್ವಾ?"

"ಹೂಂ ಅನ್ನು, ವಿಲ್ಮಾ," ಎಂದರು ಗೆದೆಯೊನ್ ಮೆಲ್ಲಗೆ.

ವಿಲ್ಮಾ ಎದ್ದು ನಿಂತಳು. ಮಕ್ಕಳು ಉತ್ತರ ಹೇಳುವಾಗ ನಿಲ್ಲುವ ಹಾಗೆ, ನೇರವಾಗಿ, ಕೈ ಪಕ್ಕಕ್ಕಿಟ್ಟು.

"ಕೈತಪ್ಪಿ ಒಂದೂ ಇಲ್ಲ. ಬೇಕಂತಲೇ ಇಟ್ಟದ್ದು, ಇನ್ನೂರ ಹದಿನೇಳು."